ಪವರ್ ಹ್ಯಾಮರ್‌ಗೆ ರೆಡಿ ಡೈ ತರಿಸುವ ಮುಂಚೆ ಇದನ್ನು ಓದಿ

"ಎಚ್13 ಸ್ಟೀಲ್, 60 ಎಚ್‌ಆರ್‌ಸಿ ಗಟ್ಟಿ, ಸವೆಯುವ ಮಾತೇ ಇಲ್ಲ." ಹೀಗೆ ಬರೆದು ಮಾರುವ ಪವರ್ ಹ್ಯಾಮರ್ ಡೈ (ಯಂತ್ರದ ಸುತ್ತಿಗೆಯಲ್ಲಿ ಮೇಲೂ ಕೆಳಗೂ ಕೂತು ಕಬ್ಬಿಣಕ್ಕೆ ಏಟು ಕೊಡುವ ಸ್ಟೀಲ್ ತುಂಡು) ಕಂಡರೆ ದಯವಿಟ್ಟು ಕೊಳ್ಳಬೇಡಿ. ಎಚ್13 ಎಂದರೆ ಬಿಸಿ ಕೆಲಸದ ಡೈಗೆ ಬಳಸುವ ಸ್ಟೀಲ್, ಎಚ್‌ಆರ್‌ಸಿ ಎಂದರೆ ಗಡಸಿನ ರಾಕ್‌ವೆಲ್ ಅಳತೆ. ಎಚ್13 ಸ್ಟೀಲನ್ನು ಎಷ್ಟೇ ಚೆನ್ನಾಗಿ ಹದ ಮಾಡಿದರೂ 55ರ ಆಸುಪಾಸಿಗೆ ನಿಂತುಬಿಡುತ್ತದೆ. 60 ಬರುವುದೇ ಇಲ್ಲ. ಅಂದರೆ ಬರೆದವನಿಗೆ ತಾನು ಮಾರುತ್ತಿರುವ ಸ್ಟೀಲ್ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಸುಳ್ಳು ಹೇಳುತ್ತಿದ್ದಾನೆ. ಎರಡೂ ಅಪಾಯವೇ.

ನಮ್ಮ ಕುಲುಮೆಗೆ ಬಂದದ್ದು ಇಂಥದೇ ಒಂದು ಜೋಡಿ. ನೋಡಲು ತುಂಬ ಚಂದ ಇತ್ತು. ಮುಖ ಕನ್ನಡಿ ಹಾಗೆ ಗ್ರೈಂಡ್ ಮಾಡಿದ್ದರು, ಅಂಚೆಲ್ಲ ನೇರ. ಡವ್‌ಟೇಲ್ (ಹ್ಯಾಮರ್‌ನ ತೋಡಿನಲ್ಲಿ ಕೂರುವ ಡೈಯ ಬುಡ) ನಮ್ಮ ಹ್ಯಾಮರ್‌ಗೆ ಸರಿಯಾಗಿ ಕೂತಿತು, ಬೆಣೆಯೂ ಗಟ್ಟಿಯಾಗಿ ಹಿಡಿಯಿತು. ಕೆಲವು ವಾರ ಯಾವ ತೊಂದರೆಯೂ ಇಲ್ಲದೆ ಕೆಲಸ ನಡೆಯಿತು.

ಒಂದು ಬೆಳಿಗ್ಗೆ 40 ಎಂಎಂ ಚೌಕದ ಸರಳನ್ನು ತೆಳ್ಳಗೆ ಎಳೆಯುತ್ತಿದ್ದೆವು. ಕಬ್ಬಿಣ ಹಳದಿ ಕಾವಿನಲ್ಲೇ ಇತ್ತು. ನಾನು ಪೆಡಲ್ ಮೇಲೆ, ನನ್ನ ಜೊತೆಗಾರ ಇಕ್ಕಳ ಹಿಡಿದು ಎದುರಿಗೆ. ಏಟಿನ ಸದ್ದು ಇದ್ದಕ್ಕಿದ್ದಂತೆ ಬದಲಾಯಿತು. ಮೇಲಿನ ಡೈ ಡವ್‌ಟೇಲಿನ ಮೂಲೆಯಲ್ಲಿ ತುಂಡಾಗಿ, ಕೆಳಗಿನ ಭಾಗ ಸರಳಿನ ಮೇಲೆ ಓರೆಯಾಗಿ ಬಿತ್ತು. ಪೆಡಲ್ ಬಿಟ್ಟೆ. ಆದರೆ ಈ ಹ್ಯಾಮರ್ ನಿಮಿಷಕ್ಕೆ 200ಕ್ಕೂ ಜಾಸ್ತಿ ಏಟು ಹೊಡೆಯುತ್ತದೆ, ಸೆಕೆಂಡಿಗೆ ಮೂರಕ್ಕೂ ಹೆಚ್ಚು. ಕಾಲು ಎತ್ತುವಷ್ಟರಲ್ಲಿ ಮುಂದಿನ ಏಟು ಬಿದ್ದಾಗಿತ್ತು. ಅದು ಬಿದ್ದದ್ದು ಓರೆಯಾಗಿ ಮಲಗಿದ್ದ ಡೈ ಅಂಚಿನ ಮೇಲೆ. ಅಲ್ಲಿಂದ ಹಾರಿದ ಒಂದು ಚೂರು ಜೊತೆಗಾರನ ಮುಂಗೈ ಹೊಕ್ಕಿತು. ಎಕ್ಸ್‌ರೇ ತೆಗೆಸಿ, ಕೊಯ್ದು ಹೊರಗೆ ತೆಗೆಯಬೇಕಾಯಿತು. ಕನ್ನಡಕ, ಚರ್ಮದ ಏಪ್ರನ್ ಎರಡೂ ಹಾಕಿದ್ದ, ಕಣ್ಣು ಉಳಿಯಿತು. ಕೈ ಈಗ ಸರಿಯಾಗಿದೆ, ಆದರೆ ಎರಡು ಬೆರಳಿನ ತುದಿಯಲ್ಲಿ ಇನ್ನೂ ಜೋಮು ಹೋಗಿಲ್ಲ.

ಮಾರಿದವನಿಗೆ ಫೋನ್ ಮಾಡಿದರೆ ಮೊದಲ ಉತ್ತರವೇ "ತಣ್ಣಗಿನ ಕಬ್ಬಿಣಕ್ಕೆ ಹೊಡೆದಿದ್ದೀರಿ" ಅಂತ. ಡೈ ಮುರಿದು ನೆಲಕ್ಕೆ ಬಿದ್ದಮೇಲೂ ಸರಳು ಕೆಂಪಗೆ ಉರಿಯುತ್ತಿತ್ತು! ಹದ ಹೇಗೆ ಮಾಡಿದ್ದು ಎಂದು ಕೇಳಿದೆ. ಮುಚ್ಚುಮರೆ ಏನೂ ಇಲ್ಲದೆ ಹೇಳಿದ: ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತೇವೆ, ಆಮೇಲೆ ಗ್ಯಾಸ್ ಬರ್ನರ್‌ನಲ್ಲಿ ನೀಲಿ ಬಣ್ಣಕ್ಕೆ ತರುತ್ತೇವೆ. ಇದು ಗ್ಯಾರಂಟಿ ಪದ್ಧತಿ ಅಂತ ಬೇರೆ ಸೇರಿಸಿದ.

ಮುರಿದ ತುಂಡುಗಳನ್ನು ನಾವು ಎಸೆಯಲಿಲ್ಲ. ನೀವೂ ಎಸೆಯಬೇಡಿ. ಮುರಿದ ಮುಖ ನೋಡಿದರೆ ನಡೆದದ್ದೆಲ್ಲ ಅಲ್ಲೇ ಕಾಣುತ್ತದೆ. ನಮ್ಮದರಲ್ಲಿ ಡವ್‌ಟೇಲಿನ ಒಳಮೂಲೆಗೆ ಅಂಟಿಕೊಂಡು ಒಂದು ಬೆರಳಗಲದ ಪಟ್ಟಿ ಕಪ್ಪು ಮಿಶ್ರಿತ ನೀಲಿ ಇತ್ತು, ಅಲ್ಲಲ್ಲಿ ತುಕ್ಕಿನ ಕಂದು. ಉಳಿದದ್ದೆಲ್ಲ ಹೊಸದಾಗಿ ಒಡೆದ ಬೂದು. ಹೊಸ ಬಿರುಕಿಗೆ ಬಣ್ಣ ಇರುವುದಿಲ್ಲ. ಆ ನೀಲಿ ಬಂದದ್ದು ಬರ್ನರ್‌ನ ಶಾಖಕ್ಕೆ, ತುಕ್ಕು ಬಂದದ್ದು ಅದ್ದಿದ ನೀರಿಗೆ. ಅಂದರೆ ನೀರಿಗೆ ಅದ್ದಿದ ಕ್ಷಣದಲ್ಲೇ ಡೈ ಬಿರಿದಿತ್ತು. ಬಿರಿದದ್ದನ್ನೇ ನೀಲಿ ಮಾಡಿ, ಪಾಲಿಷ್ ಹೊಡೆದು, ಡಬ್ಬಕ್ಕೆ ಹಾಕಿ ಕಳಿಸಿದ್ದಾರೆ. ಬೂದು ಭಾಗದಲ್ಲೂ ಹರಳು ಬರಿಗಣ್ಣಿಗೇ ಬಿಡಿಬಿಡಿಯಾಗಿ ಮಿನುಗುತ್ತಿತ್ತು. ಹದವಾಗಿ ಕಾಯಿಸಿದ ಸ್ಟೀಲ್ ಹಾಗೆ ಒಡೆಯುವುದಿಲ್ಲ, ನುಣುಪಾದ ಬೂದು ಬಣ್ಣಕ್ಕೆ ಒಡೆಯುತ್ತದೆ. ಇಷ್ಟು ದಪ್ಪ ಹರಳು ಎಂದರೆ ಅದ್ದುವ ಮುಂಚೆ ವಿಪರೀತ ಕಾಯಿಸಿದ್ದಾರೆ.

ಒಂದು ತುಂಡನ್ನು ಲ್ಯಾಬ್‌ಗೆ ಕೊಟ್ಟು ಸ್ಪೆಕ್ಟ್ರೋ ಟೆಸ್ಟ್ ಮಾಡಿಸಿದೆವು. ಎಚ್13ರಲ್ಲಿ ಕ್ರೋಮಿಯಂ ಸುಮಾರು 5% ಇರಬೇಕು. ಇದರಲ್ಲಿ ಇದ್ದದ್ದು 1% ಮಾತ್ರ, ಜೊತೆಗೆ 0.2% ಮಾಲಿಬ್ಡಿನಂ, 0.4% ಕಾರ್ಬನ್. ಅಂದರೆ ಇದು 4140 ಎಂಬ ಬೇರೆಯೇ ಸ್ಟೀಲ್. ಅದೇನೂ ಕೆಟ್ಟ ಸ್ಟೀಲ್ ಅಲ್ಲ. ನಾನೇ 4140ರಲ್ಲಿ ಡೈ ಮಾಡುತ್ತೇನೆ. ಆದರೆ ಅದಕ್ಕೆ ಬೇಕಾದ್ದು ಎಣ್ಣೆ, ನೀರಲ್ಲ. ಸುಮಾರು 845 ಡಿಗ್ರಿಗೆ ಕಾಯಿಸಿ ಎಣ್ಣೆಗೆ ಅದ್ದಬೇಕು. ಇಷ್ಟು ದಪ್ಪದ ತುಂಡನ್ನು, ಅದೂ ಚೂಪು ಒಳಮೂಲೆ ಇರುವಂಥದ್ದನ್ನು, ನೀರಿಗೆ ಹಾಕಿದರೆ ಬಿರಿಯದೆ ಇನ್ನೇನಾಗುತ್ತದೆ?

ಬಿರುಕಿಗಿಂತ ನನಗೆ ಜಾಸ್ತಿ ಸಿಟ್ಟು ಬಂದದ್ದು ಆ ನೀಲಿ ಬಣ್ಣದ ಮೇಲೆ. ನೀಲಿ ಎಂದರೆ ಸುಮಾರು 300 ಡಿಗ್ರಿ. ಕೈ ಉಳಿಗೆ, ಸ್ಪ್ರಿಂಗಿಗೆ ಈ ಬಣ್ಣ ನೋಡುವುದು ಹಳೆಯ ರೂಢಿ, ಅಲ್ಲಿ ನಡೆಯುತ್ತದೆ. 4140ಗೆ ಮಾತ್ರ ಸುಮಾರು 250ರಿಂದ 370 ಡಿಗ್ರಿಯ ನಡುವಿನ ಹದವೇ ಕೆಟ್ಟದ್ದು. ಗಡಸು ಸ್ವಲ್ಪ ಇಳಿಯುತ್ತದೆ, ಆದರೆ ಏಟು ತಡೆಯುವ ಶಕ್ತಿ ಏರುವ ಬದಲು ಇನ್ನೂ ಕುಸಿಯುತ್ತದೆ. ಅದನ್ನು ದಾಟಿ 450 ಡಿಗ್ರಿ ಅಥವಾ ಅದಕ್ಕಿಂತ ಮೇಲೆ ಹೋಗಬೇಕು. ಆಗ ಗಡಸು 40 ಚಿಲ್ಲರೆಗೆ ಬರುತ್ತದೆ, ಡೈಗೆ ಅಷ್ಟು ಸಾಕು. ಇನ್ನೊಂದು ವಿಷಯ, ಬಣ್ಣ ಬರುವುದು ಮೇಲ್ಮೈಗೆ. ಬಣ್ಣ ಕಂಡ ಕೂಡಲೇ ಬರ್ನರ್ ಆರಿಸಿದರೆ ಒಳಗಿನ ಸ್ಟೀಲಿಗೆ ಶಾಖ ಮುಟ್ಟಿಯೇ ಇರುವುದಿಲ್ಲ. ದಪ್ಪ 25 ಎಂಎಂಗೆ ಒಂದು ಗಂಟೆ ಲೆಕ್ಕದಲ್ಲಿ ಓವನ್‌ನಲ್ಲಿ ಇಡಬೇಕು. ನಮ್ಮ ಡೈಯ ಗಡಸು ಮುಖದಲ್ಲೂ ಬುಡದಲ್ಲೂ ಒಂದೇ ತರ, 53-54 ಇತ್ತು. ಬುಡ, ಅದರಲ್ಲೂ ಡವ್‌ಟೇಲ್, ಮುಖಕ್ಕಿಂತ ಮೆತ್ತಗಿರಬೇಕು. ಬೆಣೆಯ ಬಿಗಿತ, ಏಟಿನ ಅದುರು ಎರಡನ್ನೂ ತಿನ್ನುವ ಜಾಗ ಅದು.

ನಿಜವಾದ ಎಚ್13 ಆದರೂ ಸುಮ್ನೆ ನಂಬಬೇಡಿ. ಅದನ್ನು 1010-1030 ಡಿಗ್ರಿಗೆ ಕಾಯಿಸಿ ಗಾಳಿಯಲ್ಲಿ ಆರಿಸಿ, 550ಕ್ಕೂ ಮೇಲೆ ಎರಡು ಸಲ ಹದ ಕೊಡಬೇಕು. ಕೊನೆಗೆ 45ರಿಂದ 50 ಬಂದರೆ ಒಳ್ಳೆಯ ಡೈ. ಬರ್ನರ್ ಮತ್ತು ಬಕೆಟ್ ಇಟ್ಟುಕೊಂಡು ಆಗುವ ಕೆಲಸವಲ್ಲ. ಟೆಂಪರೇಚರ್ ಹಿಡಿದಿಡುವ ಫರ್ನೇಸ್ ಬೇಕೇ ಬೇಕು. ಅದಿಲ್ಲದವರು 28-32 ಗಡಸಿನಲ್ಲಿ ಸಿದ್ಧವಾಗಿ ಸಿಗುವ 4140 ಬ್ಲಾಕ್ ತಂದು, ಮಿಲ್ಲಿಂಗ್ ಮಾಡಿಸಿ, ಹಾಗೆಯೇ ಹಾಕಿಕೊಳ್ಳಿ. ಮುಖದಲ್ಲಿ ಆಗಾಗ ತಗ್ಗು ಬೀಳುತ್ತದೆ, ಗ್ರೈಂಡರ್ ಹಿಡಿದರೆ ಮುಗಿಯಿತು. ನಾವು ಈಗ ಫ್ಲಾಟ್ ಡೈಗೆ ಅದನ್ನೇ ಬಳಸುತ್ತಿದ್ದೇವೆ, ಕೆಲಸಕ್ಕೆ ಏನೂ ಕೊರತೆಯಾಗಿಲ್ಲ.

ಕೊಳ್ಳುವುದೇ ಆದರೆ ಮೂರು ಮಾತು ಕೇಳಿ. ಯಾವ ಸ್ಟೀಲ್, ಯಾವುದರಲ್ಲಿ ಅದ್ದಿದ್ದು, ಎಷ್ಟು ಡಿಗ್ರಿಯಲ್ಲಿ ಎಷ್ಟು ಹೊತ್ತು ಹದ ಕೊಟ್ಟಿದ್ದು. ತಡವರಿಸಿದರೆ ಅಥವಾ "ಗಟ್ಟಿ ಇದೆ ಬಿಡಿ ಸಾರ್" ಎಂದರೆ ಅಲ್ಲಿಗೇ ಬಿಡಿ. ಡವ್‌ಟೇಲಿನ ಒಳಮೂಲೆಗೆ ಬೆರಳು ಹಾಕಿ ನೋಡಿ. ಅಲ್ಲಿ ಕನಿಷ್ಠ 3 ಎಂಎಂ ಗುಂಡಗಿನ ತಿರುವು ಇರಬೇಕು. ಉಗುರು ಸಿಕ್ಕಿಕೊಳ್ಳುವಷ್ಟು ಚೂಪಾಗಿದ್ದರೆ ವಾಪಸ್ ಕೊಡಿ. ಮುಖದ ಅಂಚಿಗೂ ಹಾಗೇ, ಚೂಪು ಅಂಚು ಬೇಗ ಚಕ್ಕೆ ಏಳುತ್ತದೆ, ಕಬ್ಬಿಣದ ಮೇಲೆ ಗೆರೆಯೂ ಬೀಳುತ್ತದೆ. ಡೈಯನ್ನು ಹಗ್ಗದಲ್ಲಿ ತೂಗುಹಾಕಿ ಚಿಕ್ಕ ಸುತ್ತಿಗೆಯಿಂದ ತಟ್ಟಿ. ಒಡೆದ ಮಡಕೆ ತರ ಬೊದ್ದು ಸದ್ದು ಬಂದರೆ ಅದರಲ್ಲಿ ಬಿರುಕಿದೆ. ಸಣ್ಣ ಬಿರುಕು ಸದ್ದಿಗೆ ಸಿಗುವುದಿಲ್ಲ, ಅದಕ್ಕೆ ಡೈ ಪೆನೆಟ್ರಂಟ್ ಸ್ಪ್ರೇ (ಇಲ್ಲಿ ಡೈ ಎಂದರೆ ಬಿರುಕಿನೊಳಗೆ ಇಳಿಯುವ ಬಣ್ಣ) ಬೇಕು. ಚೆನ್ನಾಗಿ ಒರೆಸಿ, ಕೆಂಪು ಬಣ್ಣ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಬಿಳಿ ಡೆವಲಪರ್ ಹೊಡೆಯಿರಿ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಎದ್ದು ಕಾಣುತ್ತದೆ. ಈಗಾಗಲೇ ಹ್ಯಾಮರ್‌ನಲ್ಲಿ ಕೂತಿರುವ ಡೈಗಳನ್ನೂ ಬಿಚ್ಚಿ ಒಮ್ಮೆ ಹೀಗೆ ನೋಡಿ, ಖರ್ಚು ಜಾಸ್ತಿ ಇಲ್ಲ.

ಒಳ್ಳೆಯ ಡೈಗೂ ಚಳಿಯಲ್ಲಿ ಒಂದು ಉಪಚಾರ ಬೇಕು. ಬಿಸಿ ಕಬ್ಬಿಣದ ತುಂಡೊಂದನ್ನು ಎರಡು ಡೈ ನಡುವೆ ಇಟ್ಟು, ಮುಟ್ಟಲಾಗದಷ್ಟು ಬಿಸಿಯಾದ ಮೇಲೆ ಕೆಲಸ ಶುರು ಮಾಡಿ. ನಡುವೆ ಕೆಲಸ ಇಲ್ಲದೆ ಡೈಗೆ ಡೈ ಬಡಿಸಬೇಡಿ.

ಮಾರಿದವನು ಕೊನೆಗೆ ಕೊಟ್ಟ ಸಲಹೆಯನ್ನೂ ಹೇಳಿಬಿಡುತ್ತೇನೆ, ಬೇರೆಯವರಿಗೂ ಇದನ್ನೇ ಹೇಳಿರುತ್ತಾನೆ. "ಮುರಿದ ಕಡೆ ವಿ ಆಕಾರಕ್ಕೆ ಗ್ರೈಂಡ್ ಮಾಡಿ ವೆಲ್ಡ್ ಹಾಕಿ, ಹೊಸದರ ತರ ಆಗುತ್ತೆ." ಮಾಡಬೇಡಿ. ಗಡಸು ಮಾಡಿದ 4140ಯನ್ನು ಮೊದಲೇ ಕಾಯಿಸದೆ ವೆಲ್ಡ್ ಮಾಡಿದರೆ ವೆಲ್ಡಿನ ಪಕ್ಕದ ಪಟ್ಟಿ ಮತ್ತೆ ಗಾಜಿನಷ್ಟು ಪೆಡಸಾಗುತ್ತದೆ, ಕಣ್ಣಿಗೆ ಕಾಣದಂತೆ ಒಳಗೇ ಬಿರಿಯುತ್ತದೆ. ಮತ್ತೆ ಅದೇ ಮೂಲೆಯಲ್ಲಿ ಮುರಿಯುತ್ತದೆ.

ಡೈ ಮುರಿದವರು ಇನ್ನೊಂದನ್ನು ಮರೆಯುತ್ತಾರೆ. ಮುರಿಯುವ ಹೊತ್ತಿಗೆ ಹ್ಯಾಮರ್‌ನ ತಲೆಯಲ್ಲಿರುವ ಡವ್‌ಟೇಲ್ ತೋಡಿಗೂ ಓರೆ ಏಟು ಬಿದ್ದಿರುತ್ತದೆ. ಹೊಸ ಡೈ ಬಡಿದು ಕೂರಿಸುವ ಮುಂಚೆ ಆ ತೋಡಿನ ಎರಡೂ ಒಳಮೂಲೆಗೆ ಅದೇ ಕೆಂಪು ಸ್ಪ್ರೇ ಹೊಡೆದು ನೋಡಿ. ಡೈ ಹೋದರೆ ಇನ್ನೊಂದು ಮಾಡಿಸಬಹುದು, ತಲೆ ಬಿರಿದರೆ ಇಡೀ ಹ್ಯಾಮರ್ ನಿಲ್ಲುತ್ತದೆ. ನಮ್ಮದರಲ್ಲಿ ಬಿರುಕು ಸಿಗಲಿಲ್ಲ, ಆದರೆ ಬೆಣೆ ಬಾಗಿತ್ತು. ಅದನ್ನೂ ಬದಲಾಯಿಸಿದ ಮೇಲೆಯೇ ಹ್ಯಾಮರ್ ಚಾಲೂ ಮಾಡಿದೆವು.