ಮಾತ್ರೆ, ಹೆಡ್‌ಫೋನ್, ಉಸಿರು, ಸ್ಟ್ರಾ: ವಿಮಾನದ ಭಯಕ್ಕೆ ನಾನು ಮಾಡಿ ನೋಡಿದ ನಾಲ್ಕು ದಾರಿ

ವಿಮಾನ ಬೀಳುತ್ತದೆ ಅನ್ನೋ ಭಯ ನನಗೆ ಯಾವತ್ತೂ ಇರಲಿಲ್ಲ. ನನಗಿದ್ದದ್ದು ನನ್ನ ಎದೆಬಡಿತದ ಭಯ. ವಿಮಾನದ ಬಾಗಿಲು ಮುಚ್ಚಿದ ಕೂಡಲೇ ಬೆರಳು ತಾನಾಗೇ ಮಣಿಕಟ್ಟಿನ ನಾಡಿ ಹುಡುಕುತ್ತಿತ್ತು. ಒಂದು ಬಡಿತ ತಪ್ಪಿದ ಹಾಗೆ ಅನಿಸಿದರೆ ಸಾಕು, 'ಇಲ್ಲೇ ಏನಾದರೂ ಆದರೆ? ಇಳಿಯೋಕೂ ಆಗಲ್ಲವಲ್ಲ' ಎಂದು ಕೈಕಾಲು ತಣ್ಣಗಾಗುತ್ತಿತ್ತು. ಹೃದಯಕ್ಕೆ ಏನೂ ಆಗಿಲ್ಲ ಎಂದು ಡಾಕ್ಟರ್ ಪರೀಕ್ಷೆ ಮಾಡಿ ಹೇಳಿದ ಮೇಲೂ ಇದು ಹೋಗಲಿಲ್ಲ. ವಿಮಾನ ಎಷ್ಟು ಸುರಕ್ಷಿತ ಅನ್ನೋ ಲೆಕ್ಕ ಓದಿಯೂ ಪ್ರಯೋಜನ ಆಗಲಿಲ್ಲ. ಭಯ ಇದ್ದದ್ದೇ ಬೇರೆ ಕಡೆ ಅಲ್ವಾ?

ಮೊದಲು ಹಿಡಿದದ್ದು ಹೆಡ್‌ಫೋನ್. ವಿಮಾನ ಸಮವಾಗಿ ಹೋಗುವಾಗ ಹಾಡು, ಸಿನಿಮಾ ಎಲ್ಲ ಸರಿ. ಆದರೆ ಮೇಲೇರಿದ ಸ್ವಲ್ಪ ಹೊತ್ತಿಗೆ ಎಂಜಿನ್‌ನ ಶಕ್ತಿ ಕಡಿಮೆ ಮಾಡುತ್ತಾರೆ. ಆಗ ಕೆಳಗೆ ಜಾರಿದ ಹಾಗೆ ಹೊಟ್ಟೆ ಝಲ್ಲೆನ್ನುತ್ತದೆ. ಆ ಗಳಿಗೆಯಲ್ಲಿ ಯಾವ ಹಾಡೂ ಕಿವಿಗೆ ಬೀಳುತ್ತಿರಲಿಲ್ಲ. ಕಿವಿ ಮುಚ್ಚಿದ್ದರಿಂದ ಎದೆಯ ಡವಡವ ಮಾತ್ರ ಇನ್ನೂ ಜೋರಾಗಿ ಕೇಳುತ್ತಿತ್ತು.

ಮಾತ್ರೆ ಇದಕ್ಕಿಂತ ಎಷ್ಟೋ ಬಲವಾದದ್ದು. ಡಾಕ್ಟರ್ ಬರೆದುಕೊಟ್ಟ, ಆತಂಕ ತಗ್ಗಿಸುವ ಆಲ್‌ಪ್ರಜೋಲಮ್ ತೆಗೆದುಕೊಂಡ ದಿನ ಆರಾಮಾಗಿ ಕೂತಿದ್ದೆ. ಮುಂದಿನ ಸಲ ಮಾತ್ರೆ ಇಲ್ಲದೆ ಹೋದೆ. ಭಯ ಮೊದಲಿಗಿಂತ ಜಾಸ್ತಿ ಆಗಿತ್ತು. 'ಅವತ್ತು ಉಳಿಸಿದ್ದು ಮಾತ್ರೆ, ಇವತ್ತು ಅದಿಲ್ಲ' ಎಂದು ಮನಸ್ಸು ಪಾಠ ಕಲಿತುಬಿಟ್ಟಿತ್ತು. 1997ರಲ್ಲಿ ವಿಲ್‌ಹೆಲ್ಮ್ ಮತ್ತು ರಾತ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲೂ ಹೀಗೇ ಆಗಿತ್ತು. ವಿಮಾನದ ಭಯ ಇದ್ದ 28 ಹೆಂಗಸರಲ್ಲಿ ಕೆಲವರಿಗೆ ಈ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಸುಳ್ಳು ಮಾತ್ರೆ. ಒಂದು ವಾರದ ನಂತರ ಎಲ್ಲರೂ ಮಾತ್ರೆ ಇಲ್ಲದೆ ಹಾರಿದಾಗ, ಮೊದಲು ನಿಜವಾದ ಮಾತ್ರೆ ತಗೊಂಡವರಲ್ಲಿ ಶೇ. 71 ಮಂದಿಗೆ ಪ್ಯಾನಿಕ್, ಅಂದರೆ ಇದ್ದಕ್ಕಿದ್ದಂತೆ ಉಕ್ಕಿಬರುವ ತೀವ್ರ ಗಾಬರಿ, ಆಯಿತು. ಮಾತ್ರೆ ತಗೊಂಡು ಹಾರಿದ ದಿನ ಅದೇ ಗುಂಪಿನಲ್ಲಿ ಶೇ. 7 ಮಂದಿಗೆ ಮಾತ್ರ ಆಗಿತ್ತು. ಹಾಗಂತ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಅದರ ಜೊತೆ ಮದ್ಯವಂತೂ ಬೇಡವೇ ಬೇಡ, ಜೀವಕ್ಕೇ ಅಪಾಯ.

ನಿಧಾನ ಉಸಿರಾಟ ಅರ್ಧ ಗೆದ್ದಿತು. ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ. ತಲೆಸುತ್ತು ಕಡಿಮೆಯಾಗುತ್ತಿತ್ತು. ಆದರೆ ನಾನು ಪ್ರತಿ ನಿಮಿಷ ಕೈಗಡಿಯಾರದಲ್ಲಿ ಎದೆಬಡಿತ ಇಳಿಯಿತಾ ಅಂತ ನೋಡುತ್ತಿದ್ದೆ. ಇಳಿಯದಿದ್ದರೆ ಮತ್ತೆ ಗಾಬರಿ. ಉಸಿರು ಬಿಡುವುದೂ ಒಂದು ಪರೀಕ್ಷೆ ಆಗಿಹೋಯಿತು.

ಕೊನೆಯದು ಸ್ಟ್ರಾ. ಇದನ್ನು ಕಲಿಸಿದವರು ನನ್ನ ಥೆರಪಿಸ್ಟ್. ಮನಶ್ಶಾಸ್ತ್ರಜ್ಞರಾದ ಡೇವಿಡ್ ಬಾರ್ಲೋ, ಮಿಶೆಲ್ ಕ್ರಾಸ್ಕ್ ಅವರು ಪ್ಯಾನಿಕ್‌ಗೆ ಬೆಳೆಸಿದ ಚಿಕಿತ್ಸೆಯ ಒಂದು ಭಾಗ ಇದು: ಯಾವ ಅನುಭವಕ್ಕೆ ಹೆದರುತ್ತೇವೋ ಅದನ್ನೇ ಬೇಕಂತಲೇ ಮೈಯಲ್ಲಿ ತಂದುಕೊಳ್ಳುವುದು. ಮೂಗು ಹಿಡಿದು, ತೆಳು ಸ್ಟ್ರಾದಲ್ಲಿ ಒಂದು ನಿಮಿಷ ಉಸಿರಾಟ. ತಿರುಗುವ ಕುರ್ಚಿಯಲ್ಲಿ ಒಂದು ನಿಮಿಷ ಗಿರಗಿರ. ನಿಂತಲ್ಲೇ ಓಟ. ಜೋರು ಜೋರಾಗಿ ಉಸಿರಾಡಿದ ಮೊದಲ ದಿನ ನಲವತ್ತು ಸೆಕೆಂಡಿಗೇ ತುಟಿ ಜುಮ್ಮೆಂದಿತು, ಬೆರಳ ತುದಿಗೆ ಜೋಮು ಹಿಡಿಯಿತು. ವಿಮಾನದಲ್ಲಿ ಆಗುತ್ತಿದ್ದದ್ದು ಥೇಟ್ ಇದೇ! ಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅಷ್ಟು ವರ್ಷ ಹೃದಯದ ಕಾಯಿಲೆ ಎಂದುಕೊಂಡದ್ದು ಬರೀ ಜಾಸ್ತಿ ಉಸಿರಾಡಿದ್ದರ ಫಲ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದರೆ ಹೀಗಾಗುತ್ತದಂತೆ. ವಿಮಾನದೊಳಗಿನ ಗಾಳಿಯ ಒತ್ತಡವೂ ಸಾಮಾನ್ಯವಾಗಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟು. ಹೃದಯ ಸ್ವಲ್ಪ ಬೇಗ ಬಡಿದರೆ ಅದರಲ್ಲಿ ವಿಚಿತ್ರವೇನಿಲ್ಲ.

ಮಾತ್ರೆ ಒಂದು ಗಂಟೆಯೊಳಗೆ ಕೆಲಸ ಮಾಡಿತು. ಸ್ಟ್ರಾಗೆ ಆರು ವಾರ, ದಿನಾ ಅಭ್ಯಾಸ ಬೇಕಾಯಿತು. ಮೊದಲ ವಾರ ಬಿಟ್ಟುಬಿಡೋಣ ಅನಿಸಿತ್ತು. ಆದರೂ ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ಹೃದಯದ ತೊಂದರೆ, ಆಸ್ತಮಾ, ಮೂರ್ಛೆರೋಗ ಇದ್ದವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಮಾಡಬಾರದು.

ಹೋದ ತಿಂಗಳ ಪ್ರಯಾಣದಲ್ಲೂ ವಿಮಾನ ಮೇಲೇಳುವಾಗ ಎದೆ ಡವಡವ ಎಂದಿತು. ಬಡಿದುಕೊಳ್ಳಲಿ ಎಂದು ಕೈ ಮೊಣಕಾಲ ಮೇಲೆ ಇಟ್ಟುಕೊಂಡು ಕೂತೆ. ಎಷ್ಟು ಬಡಿಯಿತೋ ಲೆಕ್ಕ ಇಲ್ಲ. ಗಡಿಯಾರ ಬಿಚ್ಚಿ ಬ್ಯಾಗಿನಲ್ಲಿ ಇಟ್ಟಿದ್ದೆ.