ಗರ್ಭಪಾತದ ನಂತರ ‘ಟಾರ್ಚ್’ ಪರೀಕ್ಷೆ ಬರೆದುಕೊಟ್ಟರೆ, ರಕ್ತ ಕೊಡುವ ಮೊದಲು ಇದನ್ನು ಓದಿ

ಕಳೆದ ವರ್ಷ ಆಷಾಢದಲ್ಲಿ ನನ್ನ ಹೆಂಡತಿಗೆ ಒಂಬತ್ತನೆಯ ವಾರದಲ್ಲೇ ಗರ್ಭ ಹೋಯಿತು. ಚಿಕ್ಕಬಳ್ಳಾಪುರದ ಖಾಸಗಿ ನರ್ಸಿಂಗ್ ಹೋಮೊಂದರಲ್ಲಿ ಆಕೆಯನ್ನು ಮನೆಗೆ ಕಳುಹಿಸುವಾಗ, ಕಾರಣ ತಿಳಿಯಲೆಂದು ಚೀಟಿಯಲ್ಲಿ ‘ಟಾರ್ಚ್’ ಎಂದು ಬರೆದು ಪಕ್ಕದ ಲ್ಯಾಬಿಗೆ ಕಳುಹಿಸಿದರು. ಅದು ಏನೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ರುಬೆಲ್ಲಾ, ಹರ್ಪಿಸ್‌ನಂಥ ಕೆಲವು ಸೋಂಕುಗಳನ್ನು ಒಟ್ಟಿಗೆ ಹುಡುಕುವ ರಕ್ತಪರೀಕ್ಷೆ ಅದು ಎಂದು ತಿಳಿದದ್ದು ಆಮೇಲೆ. ಮರುದಿನ ಸಂಜೆ ರಿಪೋರ್ಟ್ ನನ್ನ ವಾಟ್ಸಾಪ್‌ಗೆ ಬಂತು. ಉಳಿದೆಲ್ಲ ಸಾಲುಗಳ ಎದುರು ‘ನೆಗೆಟಿವ್’ ಎಂದಿದ್ದರೆ, ‘ಹರ್ಪಿಸ್ ಸಿಂಪ್ಲೆಕ್ಸ್ 1 ಮತ್ತು 2, ಐಜಿಎಂ’ ಎಂಬ ಸಾಲಿನಲ್ಲಿ ಮಾತ್ರ 1.34 ಎಂಬ ಅಂಕಿ, ದಪ್ಪಕ್ಷರದಲ್ಲಿ ‘ಪಾಸಿಟಿವ್’.

ನಾನು ಮಾಡಿದ ಮೊದಲ ತಪ್ಪು, ವೈದ್ಯರನ್ನು ಕೇಳುವ ಮೊದಲು ಮೊಬೈಲಿನಲ್ಲಿ ಹುಡುಕಿದ್ದು. ಲೈಂಗಿಕ ಸಂಪರ್ಕದಿಂದ ಹರಡುವ ರೋಗ ಎಂಬ ಮಾತು ಮೊದಲು ಕಣ್ಣಿಗೆ ಬಿತ್ತು. ಎರಡನೆಯ ತಪ್ಪನ್ನು ಬರೆಯಲು ಈಗಲೂ ಕೈ ತಡೆಯುತ್ತದೆ: ಮಗುವನ್ನು ಕಳೆದುಕೊಂಡು ಒಂದು ವಾರವೂ ಆಗದ ಹೆಂಡತಿಯನ್ನು, ಇದು ನಿನಗೆ ಎಲ್ಲಿಂದ ಬಂತು ಎಂದು ಕೇಳಿದೆ. ಆಕೆ ಉತ್ತರ ಕೊಡಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಗೌರಿಬಿದನೂರಿನ ತವರಿಗೆ ಹೋದಳು.

ನರ್ಸಿಂಗ್ ಹೋಮಿನಲ್ಲಿ ರಿಪೋರ್ಟ್ ತೋರಿಸಿದಾಗ, ಗರ್ಭ ಹೋಗಿದ್ದೇ ಇದರಿಂದ ಎಂದು ಹೇಳಿ, ಇಬ್ಬರಿಗೂ ದಿನಕ್ಕೆರಡು ಬಾರಿ 400 ಮಿಲಿಗ್ರಾಂ ಅಸೈಕ್ಲೋವಿರ್ ಮಾತ್ರೆಯನ್ನು ಮೂರು ತಿಂಗಳಿಗೆ ಬರೆದುಕೊಟ್ಟರು. ಇತ್ತ ಯಾರೋ ಹರ್ಪಿಸ್ ಎಂದರೆ ಸರ್ಪಸುತ್ತು ಎಂದು ನಮ್ಮ ತಾಯಿಗೆ ಹೇಳಿದ್ದರಿಂದ, ಅವರು ಅದನ್ನು ನಾಗದೋಷವೆಂದು ತೀರ್ಮಾನಿಸಿ ವಿದುರಾಶ್ವತ್ಥದಲ್ಲಿ ನಾಗರಕಲ್ಲು ಪ್ರತಿಷ್ಠೆಗೆ ದಿನ ನೋಡಿಸಿದರು. ಸರ್ಪಸುತ್ತು ಬರುವುದು ಅದೇ ಕುಲದ ಬೇರೊಂದು ವೈರಸ್‌ನಿಂದ. ಆದರೂ ಒಂದು ಮಾತು ಹೇಳಲೇಬೇಕು, ನಮ್ಮ ತಾಯಿಯ ತಪ್ಪು ಯಾರ ಶೀಲವನ್ನೂ ಪ್ರಶ್ನಿಸಲಿಲ್ಲ, ನನ್ನದು ಪ್ರಶ್ನಿಸಿತು.

ಎರಡು ತಿಂಗಳ ನಂತರ, ಆಕೆಯ ಅಣ್ಣನ ಒತ್ತಾಯಕ್ಕೆ, ಇಬ್ಬರೂ ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯೊಂದರ ಚರ್ಮರೋಗ ತಜ್ಞೆಯನ್ನು ಕಂಡೆವು. ಅವರು ರಿಪೋರ್ಟನ್ನು ಮಡಿಚಿ ಪಕ್ಕಕ್ಕಿಟ್ಟು, “ನಿಮ್ಮಿಬ್ಬರಲ್ಲಿ ಯಾರಿಗಾದರೂ ಜ್ವರ ಬಂದಾಗ ತುಟಿಯ ಅಂಚಿನಲ್ಲಿ ನೀರುಗುಳ್ಳೆ ಏಳುತ್ತವೆಯೇ?” ಎಂದು ಕೇಳಿದರು. ಏಳುತ್ತಿದ್ದುದು ನನಗೆ, ಪ್ರಾಥಮಿಕ ಶಾಲೆಯ ದಿನಗಳಿಂದಲೂ. ಅದೇ ಹರ್ಪಿಸ್, ಸಾಮಾನ್ಯವಾಗಿ ಒಂದನೆಯ ಬಗೆಯದು, ಬಹುಪಾಲು ಮಂದಿಗೆ ಬಾಲ್ಯದಲ್ಲೇ ಎಂಜಲು, ಮುತ್ತುಗಳ ಮೂಲಕ ತಗುಲುವಂಥದ್ದು ಎಂದರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಈ ಒಂದನೆಯ ಬಗೆ ಇದೆ. ಅದು ನರಗಳ ಬುಡದಲ್ಲಿ ಸುಮ್ಮನೆ ಅಡಗಿರುತ್ತದೆ. ಮಾತ್ರೆ ಗುಳ್ಳೆಯನ್ನು ಬೇಗ ಒಣಗಿಸುತ್ತದೆಯೇ ಹೊರತು ವೈರಸ್ಸನ್ನು ಬೇರುಸಹಿತ ಕಿತ್ತುಹಾಕುವುದಿಲ್ಲ.

ಐಜಿಎಂ ಕುರಿತು ಅವರು ಹೇಳಿದ್ದನ್ನು ನಾನು ಆಮೇಲೆ ಓದಿಯೂ ಖಚಿತಪಡಿಸಿಕೊಂಡೆ. ಸೋಂಕು ತಗುಲಿದ ಹೊಸತರಲ್ಲಿ ಹುಟ್ಟುವ ಪ್ರತಿಕಾಯ ಇದಾದ್ದರಿಂದ, ಇದು ಕಂಡರೆ ಸೋಂಕು ಹೊಸದು ಎಂಬ ಲೆಕ್ಕ ಹರ್ಪಿಸ್ ವಿಷಯದಲ್ಲಿ ನಿಲ್ಲುವುದಿಲ್ಲ. ಹಳೆಯ ಸೋಂಕು ಮರುಕಳಿಸಿದಾಗಲೂ ಅದು ಏಳಬಹುದು, ನಾವು ಅಮ್ಮ ಎನ್ನುವ ಚಿಕನ್‌ಪಾಕ್ಸ್‌ನಂಥ ಸಮೀಪದ ವೈರಸ್‌ಗಳ ಪ್ರತಿಕಾಯವನ್ನೂ ಪರೀಕ್ಷೆ ತಪ್ಪಾಗಿ ಹಿಡಿಯಬಹುದು, ಒಂದನೆಯ ಬಗೆಯೋ, ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಹರಡುವ ಎರಡನೆಯದೋ ಎಂಬುದನ್ನಂತೂ ಅದು ಹೇಳಲಾರದು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ 2021ರ ಮಾರ್ಗಸೂಚಿ ಈ ಪರೀಕ್ಷೆ ಬೇಡವೆಂದೇ ಹೇಳುತ್ತದೆ. ರಕ್ತಪರೀಕ್ಷೆ ಬೇಕೇಬೇಕೆಂದರೆ, ಗ್ಲೈಕೋಪ್ರೋಟೀನ್ ಜಿ ಎಂಬ ಅಂಶವನ್ನು ಆಧರಿಸಿ ಎರಡೂ ಬಗೆಗಳನ್ನು ಬೇರ್ಪಡಿಸುವ ಐಜಿಜಿ (ಸೋಂಕಿನ ನಂತರ ಬಹುಕಾಲ ಉಳಿಯುವ ಪ್ರತಿಕಾಯ) ಪರೀಕ್ಷೆ ಮಾಡಿಸಬೇಕು. ಅದರಲ್ಲೂ ಎರಡನೆಯ ಬಗೆಯ ಅಂಕಿ 3ಕ್ಕಿಂತ ಕಡಿಮೆ ಇದ್ದರೆ ಇನ್ನೊಂದು ವಿಧಾನದಿಂದ ಖಚಿತವಾಗುವ ತನಕ ನಂಬುವಂತಿಲ್ಲ, ಮತ್ತು ಹೊಸ ಸೋಂಕಿನ ನಂತರ ಪ್ರತಿಕಾಯ ಕಾಣಿಸಲು ಹನ್ನೆರಡು ವಾರಗಳವರೆಗೂ ಹಿಡಿಯಬಹುದು. ಗುಳ್ಳೆ ಎದ್ದಿದ್ದರೆ ರಕ್ತದ ಗೊಡವೆಯೇ ಬೇಡ. ಹಸಿಯಾಗಿರುವಾಗಲೇ ಅದರ ದ್ರವವನ್ನು ತೆಗೆದು, ವೈರಸ್ಸನ್ನೇ ನೇರವಾಗಿ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸುವುದೇ ಸರಿಯಾದ ದಾರಿ.

ನಮ್ಮಿಬ್ಬರ ಐಜಿಜಿಯಲ್ಲಿ ಒಂದನೆಯ ಬಗೆ ಇತ್ತು, ಎರಡನೆಯದು ಇರಲಿಲ್ಲ. ಮಾತ್ರೆಯನ್ನು ಅಂದೇ ನಿಲ್ಲಿಸಿದರು.

ಟಾರ್ಚ್ ಎಂಬ ಹೆಸರು ಹುಟ್ಟಿದ್ದು 1971ರಲ್ಲಿ, ಆಂಡ್ರೆ ನಹ್ಮಿಯಾಸ್ ಮತ್ತು ಸಂಗಡಿಗರಿಂದ, ತಾಯಿಯಿಂದ ನವಜಾತ ಶಿಶುಗಳಿಗೆ ಬರುವ ಸೋಂಕುಗಳನ್ನು ಒಟ್ಟಾಗಿ ಗುರುತಿಸಲು. ಅದು ನಮ್ಮೂರಿನ ಲ್ಯಾಬುಗಳಲ್ಲಿ ಗರ್ಭಪಾತಕ್ಕೆ ಕಾರಣ ಹುಡುಕುವ ಪ್ಯಾಕೇಜ್ ಆಗಿಬಿಟ್ಟಿದೆ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷ ಕಾರಣ. ಅದನ್ನು ಯಾವ ಟಾರ್ಚ್ ಪರೀಕ್ಷೆಯೂ ತೋರಿಸುವುದಿಲ್ಲ. ಲ್ಯಾಬಿಗೆ ಹೋಗಿ ಇದನ್ನೆಲ್ಲ ಹೇಳಿದಾಗ, ಚೀಟಿಯಲ್ಲಿ ಬರೆದಿದ್ದನ್ನು ಮಾಡುವುದಷ್ಟೇ ತಮ್ಮ ಕೆಲಸ ಎಂದರು.

ನನ್ನ ಮಾತನ್ನು ತಪ್ಪಾಗಿ ತಿಳಿದು ಎಲ್ಲ ಪರೀಕ್ಷೆಗಳನ್ನೂ ಬೇಡವೆನ್ನಬೇಡಿ. ಗರ್ಭಿಣಿಯರಿಗೆ ಮಾಡುವ ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆಗಳು ಬೇಕಾದವೇ. ಗುಪ್ತಾಂಗದಲ್ಲಿ ಎಂದಾದರೂ ಗುಳ್ಳೆ ಆಗಿದ್ದರೆ ಸಂಕೋಚ ಬಿಟ್ಟು ವೈದ್ಯರಿಗೆ ತಿಳಿಸಿ. ಗರ್ಭದ ಕೊನೆಯ ತಿಂಗಳುಗಳಲ್ಲಿ ಹೊಸದಾಗಿ ತಗುಲಿದ ಸೋಂಕು ಹೆರಿಗೆಯಲ್ಲಿ ಮಗುವಿಗೆ ನಿಜವಾಗಿಯೂ ಅಪಾಯಕಾರಿ.

ಈ ವರ್ಷ ಆಕೆ ಮತ್ತೆ ಗರ್ಭಿಣಿಯಾಗಿದ್ದಾಳೆ. ಬೇರೊಂದು ಆಸ್ಪತ್ರೆಯಲ್ಲಿ ಕೊಟ್ಟ ಅಚ್ಚಾದ ಪಟ್ಟಿಯಲ್ಲಿ ಟಾರ್ಚ್ ಮುಂದೆಯೂ ಗುರುತು ಹಾಕಿತ್ತು. ನಾನು ಬಾಯಿ ತೆರೆಯುವ ಮೊದಲೇ ಆಕೆ ವೈದ್ಯೆಯ ಮೇಜಿನ ಮೇಲಿದ್ದ ಪೆನ್ನು ಕೇಳಿ ಪಡೆದು ಆ ಸಾಲನ್ನು ಹೊಡೆದುಹಾಕಿ, “ಗುಳ್ಳೆ ಎದ್ದರೆ ನಾನೇ ಬಂದು ಹೇಳುತ್ತೇನೆ, ಮೇಡಂ” ಎಂದಳು.