ಮಂಜೂರಾತಿ ಪತ್ರ ಕೈಗೆ ಬರುವ ಮೊದಲು ಒಂದು ಟೈಲನ್ನೂ ಕೀಳಿಸಬೇಡಿ

ಇಂಗ್ಲೆಂಡಿನಲ್ಲಿ ಸ್ವಂತ ಮನೆಯಿದ್ದು, ಮನೆಯಲ್ಲೊಬ್ಬರು ನಡೆಯಲಾರದ ಸ್ಥಿತಿಗೆ ಬಂದು, ಕೌನ್ಸಿಲ್‌ನ ಡಿಸೇಬಲ್ಡ್ ಫೆಸಿಲಿಟೀಸ್ ಗ್ರಾಂಟ್‌ಗಾಗಿ (ಅಂಗವಿಕಲರಿಗೆ ತಕ್ಕಂತೆ ಮನೆಯನ್ನು ಮಾರ್ಪಡಿಸಲು ಸ್ಥಳೀಯ ಆಡಳಿತ ಕೊಡುವ ಅನುದಾನಕ್ಕಾಗಿ) ಓಡಾಡುತ್ತಿರುವ ಕನ್ನಡಿಗರು ದಯವಿಟ್ಟು ಇದನ್ನು ಓದಬೇಕು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಪಾರ್ಶ್ವವಾಯುವಿನಿಂದ ನನ್ನ ಪತಿಯ ಎಡಗಾಲು ಸ್ವಾಧೀನ ತಪ್ಪಿದ ಮೇಲೆ ಬಾತ್‌ಟಬ್ಬಿನ ಅಂಚು ದಾಟುವುದೇ ಅವರಿಂದ ಆಗದಾಯಿತು. ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ಯಾವ ಅನುಕೂಲ ಬೇಕೆಂದು ನೋಡಿ ಹೇಳುವ ತಜ್ಞರು) ಮನೆಗೆ ಬಂದು ಅಳತೆ ತೆಗೆದುಕೊಂಡು, ಟಬ್ ತೆಗೆಸಿ ನೆಲಮಟ್ಟದ ಶವರ್ ಹಾಕಿಸಬೇಕೆಂದು ಶಿಫಾರಸು ಪತ್ರ ಕಳಿಸಿದರು. ನಾನು ಮೋಸಹೋದದ್ದು ಆ ಪತ್ರದಲ್ಲಿಯೇ. ಪರಿಚಯದವರ ಮೂಲಕ ಬಂದ ಗುತ್ತಿಗೆದಾರ ಅದನ್ನು ಓದಿ, “ಇದೇ ಅಪ್ರೂವಲ್, ಕೌನ್ಸಿಲ್ 30,000 ಪೌಂಡ್‌ವರೆಗೆ ಕೊಡುತ್ತದೆ, ಮುಂಗಡ ಕೊಟ್ಟರೆ ಸೋಮವಾರವೇ ಶುರು” ಎಂದ. ಗರಿಷ್ಠ ಮಿತಿ 30,000 ಎಂಬುದು ನಿಜವೇ, ಅದನ್ನು ನಾನೂ ಓದಿದ್ದೆ. ಒಂದು ನಿಜ ಹೇಳಿದವನ ಉಳಿದ ಮಾತನ್ನೆಲ್ಲ ನಂಬಿಬಿಟ್ಟೆ. ಶಿಫಾರಸೇ ಬೇರೆ, ಮಂಜೂರಾತಿಯೇ ಬೇರೆ. ಪಂಚಾಯಿತಿ ಕಚೇರಿಯ ಮೆಟ್ಟಿಲು ಸವೆಸಿದ ಮನೆತನದಲ್ಲಿ ಬೆಳೆದ ನನಗೆ ಇಷ್ಟು ತಿಳಿಯಬಾರದಿತ್ತೇ?

4,000 ಪೌಂಡ್ ಕೊಟ್ಟೆ. ಟಬ್ ಕಿತ್ತು ಅಂಗಳಕ್ಕೆ ಹಾಕಿದರು, ಅರ್ಧ ಗೋಡೆಯ ಟೈಲ್ಸ್ ಒಡೆದರು. ಆ ವಾರವೇ ಕೌನ್ಸಿಲ್‌ನಿಂದ ಪರಿಶೀಲನೆಗೆ ಬಂದ ಅಧಿಕಾರಿ ಬಾಗಿಲಲ್ಲೇ ನಿಂತು, “ಕೆಲಸ ಆರಂಭಿಸಿಬಿಟ್ಟಿರಾ?” ಎಂದು ಕೇಳಿದಾಗ ನನ್ನ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು. ಮಂಜೂರಾತಿಗೆ ಮೊದಲೇ ಆರಂಭವಾದ ಕೆಲಸಕ್ಕೆ ಅನುದಾನವಿಲ್ಲವೆಂದು ಈ ಗ್ರಾಂಟಿಗೆ ಆಧಾರವಾದ 1996ರ ಕಾಯ್ದೆಯಲ್ಲಿಯೇ ಇದೆ. ಕೆಲಸ ಮುಗಿಯದಿದ್ದು, ಮೊದಲೇ ಆರಂಭಿಸಲು ತಕ್ಕ ಕಾರಣವಿದ್ದರೆ ಕೌನ್ಸಿಲ್ ವಿನಾಯಿತಿ ನೀಡಬಹುದು. ಗುತ್ತಿಗೆದಾರನ ಮಾತು ತಕ್ಕ ಕಾರಣವಲ್ಲ ಎಂದು ಎರಡು ಸಾಲಿನ ಇಮೇಲ್ ಬಂತು.

ಅವನನ್ನು ಕೇಳಿದೆ. “ನಾನೇನು ಕೌನ್ಸಿಲ್ಲೇ, ಮೇಡಂ? ನೀವೇ ಅವರನ್ನು ಕೇಳಬೇಕಿತ್ತು” ಎಂದ. ಇದೇ ಅಪ್ರೂವಲ್ ಎಂದವನು ಇವನೇ! ಮುಂಗಡ ಹಿಂದಿರುಗಿಸುವಂತೆ ಕಳಿಸಿದ ನಾಲ್ಕನೆಯ ಸಂದೇಶಕ್ಕೆ ಹೆಬ್ಬೆರಳೆತ್ತಿದ ಚಿತ್ರವೊಂದು ಬಂತು, ಅಷ್ಟೇ.

ಅರ್ಜಿ ಪೂರ್ಣವಾಗಿ ಸಲ್ಲಿಕೆಯಾದ ಮೇಲೆ ಕೌನ್ಸಿಲ್ ಆರು ತಿಂಗಳೊಳಗೆ ತೀರ್ಮಾನ ತಿಳಿಸಲೇಬೇಕು. ಆ ದಿನಾಂಕವನ್ನು ಬರಹದಲ್ಲಿ ಕೇಳಿ, ಕಾಯಿರಿ. ಕಾಯುವುದು ಕಷ್ಟವೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ನನ್ನ ಪತಿ ಈಗ ಅಡುಗೆಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು ಬಕೆಟ್ಟಿನಿಂದ ಚೊಂಬಿನಲ್ಲಿ ನೀರು ಹಾಕಿಸಿಕೊಳ್ಳುತ್ತಾರೆ. ಟಬ್ ಇನ್ನೂ ಅಂಗಳದಲ್ಲಿ ಮಳೆನೀರು ತುಂಬಿಕೊಂಡು ಬಿದ್ದಿದೆ. ಅದನ್ನು ಸಾಗಿಸಲು 120 ಪೌಂಡ್ ಪ್ರತ್ಯೇಕವಾಗಿ ಕೊಡಬೇಕೆಂದು ಅವನ ಕೊನೆಯ ಸಂದೇಶ.